ಒಂಟಿ ಸೀನು, ಜೋಡಿ ಸೀನು

ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ನಾನು ಕಂಡಕ್ಟರ್ ಆಗಿ ಹನ್ನೆರಡು ವರ್ಷವಾಯಿತು. ಮೊದಲ ಎರಡು ವರ್ಷ ನನ್ನ ಮೂಗು ತನ್ನ ಪಾಡಿಗೆ ತಾನಿತ್ತು. ಮೂರನೆಯ ವರ್ಷದ ಶ್ರಾವಣದಲ್ಲಿ ಸೀನು ಶುರುವಾಯಿತು.

ನನ್ನ ಸೀನು ಸಣ್ಣದಲ್ಲ. ಕೆಲವು ಹೆಣ್ಣುಮಕ್ಕಳು ಸೆರಗಿನ ಮರೆಯಲ್ಲಿ ಬೆಕ್ಕಿನ ಮರಿಯ ಹಾಗೆ ಸೀನುತ್ತಾರೆ. ನಾನು ಸೀನಿದರೆ ಹಿಂದಿನ ಸೀಟಿನಲ್ಲಿ ಮಲಗಿದವರು ಎದ್ದು ಕೂತು, ಊರು ಬಂತೇನೋ ಎಂದು ಚೀಲ ಹುಡುಕುತ್ತಾರೆ. ಅಪ್ಪನಿಂದ ಬಂದ ಆಸ್ತಿ ಇದೊಂದೇ ಎಂದು ನಮ್ಮ ಮನೆಯಲ್ಲಿ ನಗುತ್ತಿದ್ದರು.

ಮನೆಯಲ್ಲಾದರೆ ನಗಬಹುದು. ಬಸ್ಸಿನಲ್ಲಿ ಅದು ಕೆಲಸಕ್ಕೇ ಅಡ್ಡ ಬರುತ್ತಿತ್ತು. ಕಂಡಕ್ಟರ್ ಒಂದು ಸಲ ಸೀಟಿ ಊದಿದರೆ ಬಸ್ಸು ನಿಲ್ಲಬೇಕು, ಎರಡು ಸಲ ಊದಿದರೆ ಹೊರಡಬೇಕು. ಸೀಟಿ ಬಾಯಲ್ಲಿಟ್ಟುಕೊಂಡಾಗಲೇ ಸೀನು ಬಂದರೆ ಉದ್ದಕ್ಕೆ ಒಂದೇ ಸೀಟಿ ಆಗುತ್ತಿತ್ತು. ಡ್ರೈವರ್ ಬ್ರೇಕ್ ಹಾಕುತ್ತಿದ್ದರು. ನಿಂತವರೆಲ್ಲ ಮುಂದಕ್ಕೆ ವಾಲಿ, ಹಿಂದಕ್ಕೆ ವಾಲಿ, ನನ್ನನ್ನು ನೋಡುತ್ತಿದ್ದರು.

"ತಂಗಿ, ಇದು ನಿಲ್ಲಸೋ ಸೀಟೀನೋ, ಸೀನಿನ ಸೀಟೀನೋ?" ಎಂದು ಡ್ರೈವರ್ ಕನ್ನಡಿಯಲ್ಲೇ ಕೇಳುತ್ತಿದ್ದರು.

"ಸೀನಿಂದು ಭಾಯಿ, ನಡೀರಿ."

ಅವರು ಬಳಗಾನೂರಿನವರು. ಐವತ್ತು ದಾಟಿದವರು. ಮನೆಯಲ್ಲಿ ದಖನಿ ಉರ್ದು, ಸ್ಟೇರಿಂಗ್ ಹಿಡಿದರೆ ಕನ್ನಡ. ಹತ್ತು ವರ್ಷದಿಂದ ನಮ್ಮದು ಒಂದೇ ಡ್ಯೂಟಿ. ಕೊನೆಕೊನೆಗೆ ನನ್ನ ಎರಡು ಬಗೆಯ ಸೀಟಿಯ ವ್ಯತ್ಯಾಸ ಅವರಿಗೆ ತಿಳಿಯುವಂತಾಯಿತು. ರಜೆಯ ಮೇಲೆ ಹೋದಾಗ ಬದಲಿಗೆ ಬರುವ ಡ್ರೈವರಿಗೆ, "ಆಕಿ ಸೀಟಿ ಉದ್ದ ಬಂದ್ರ ನಿಲ್ಲಸಬ್ಯಾಡ, ಅದು ಮೂಗಿಂದು" ಎಂದು ಹೇಳಿ ಹೋಗುತ್ತಿದ್ದರಂತೆ.

ಆಗ ಒಂದು ಸಮಾಧಾನವಿತ್ತು. ನನ್ನ ಸೀನಿಗೆ ಶಿಸ್ತಿತ್ತು. ಶ್ರಾವಣದ ಮೊದಲ ವಾರ ಬರುವುದು, ದೀಪಾವಳಿಗೆ ಹೋಗುವುದು. ನನ್ನ ಅತ್ತೆ ಹಳೆಯ ಧೋತರ ಹರಿದು ಇಪ್ಪತ್ತು ದಸ್ತಿ ಮಾಡಿಕೊಟ್ಟಿದ್ದರು. ನಮ್ಮ ಕಡೆ ಕರ್ಚೀಫಿಗೆ ದಸ್ತಿ ಅನ್ನುತ್ತೇವೆ. ದೀಪಾವಳಿಯ ಪಾಡ್ಯ ಕಳೆದ ಮರುದಿನ ಅತ್ತೆ ಅಷ್ಟನ್ನೂ ಬಿಸಿನೀರಿಗೆ ಹಾಕಿ ತೊಳೆದು, ಒಣಗಿಸಿ, ಮಡಚಿ ಟ್ರಂಕಿನಲ್ಲಿಡುತ್ತಿದ್ದರು. "ನಿನ್ನ ಸೀನಿನ ಹಬ್ಬಾನೂ ಮುಗೀತು ನೋಡು" ಎನ್ನುತ್ತಿದ್ದರು. ನೆಂಟರ ಮನೆಗೆ ಹೋಗುವುದು, ಫೋಟೋ ತೆಗೆಸಿಕೊಳ್ಳುವುದು, ಮಗಳ ಶಾಲೆಯ ಕಾರ್ಯಕ್ರಮಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ಕೂರುವುದು, ಎಲ್ಲವನ್ನೂ ನಾವು ದೀಪಾವಳಿಯ ಆಚೆಗೆ ಇಟ್ಟುಕೊಳ್ಳುತ್ತಿದ್ದೆವು. ಇದು ಧೂಳಿನ ಕಾಟ, ಇಲ್ಲವೆಂದರೆ ಮಳೆಗಾಲದ ನೆಗಡಿ ಎಂದು ನಾನೂ ನಂಬಿದ್ದೆ.

ನಾಲ್ಕು ವರ್ಷದ ಹಿಂದೆ ಆ ಶಿಸ್ತು ತಪ್ಪಿತು.

ಆ ವರ್ಷ ದೀಪಾವಳಿ ಮುಗಿದ ಮೇಲೆ ಮಳೆ ಬಂತು. ಒಂದು ಹನಿಯೂ ಬೇಡವಾಗಿದ್ದ ಹೊತ್ತಿನಲ್ಲಿ ಮೂರು ದಿನ ಬಿಡದೆ ಸುರಿಯಿತು. ಸಿಂಧನೂರಿನ ಕಡೆ ಕೊಯ್ಲಿಗೆ ಬಂದಿದ್ದ ಭತ್ತ ನೆಲಕ್ಕೆ ಮಲಗಿತು. ಬಸ್ಸಿನ ತುಂಬ ಅದೇ ಮಾತು. ಮೊದಲೂ ಒಮ್ಮೊಮ್ಮೆ ಹೀಗೆ ಆಗುತ್ತಿತ್ತು, ಈಗ ವರ್ಷ ಬಿಟ್ಟು ವರ್ಷ ಆಗಾಕತ್ತೈತಿ ಎಂದು ತುರ್ವಿಹಾಳದ ರೈತರೊಬ್ಬರು ಹೇಳಿದ್ದು ನೆನಪಿದೆ. ಮಳೆ ನಿಂತ ಮೇಲೆ ಬಿಸಿಲು ಬಂತು, ಚಳಿ ಮಾತ್ರ ಬರಲೇ ಇಲ್ಲ. ಕೆಲವು ವಾರದಲ್ಲಿ, ಒಣಗಿ ಹೋಗಬೇಕಾಗಿದ್ದ ರಸ್ತೆಯ ಎರಡೂ ಬದಿ ಹಸಿರಾಗಿ, ಅದರ ಮೇಲೆ ಸಾಬೂದಾಣಿ ಚೆಲ್ಲಿದ ಹಾಗೆ ಸಣ್ಣ ಬಿಳಿ ಹೂ ಬಂತು. ಪಾರ್ಥೇನಿಯಂ ಎಂಬುದು ಅದರ ಪುಸ್ತಕದ ಹೆಸರು. ನಮ್ಮ ಜನ ಒಂದು ರಾಜಕೀಯ ಪಕ್ಷದ ಹೆಸರಿಟ್ಟು ಕರೆಯುತ್ತಾರೆ. ಬಸ್ಸಿನಲ್ಲಿ ಎಲ್ಲ ಪಕ್ಷದವರೂ ಕೂತಿರುತ್ತಾರಾದ್ದರಿಂದ ನಾನು ಬಿಳಿ ಹೂವಿನ ಕಸ ಎಂದಷ್ಟೇ ಅನ್ನುತ್ತೇನೆ.

ಅಂಥ ಒಂದು ಬೆಳಿಗ್ಗೆ ನಮ್ಮ ಬಸ್ಸು ಮಸ್ಕಿಯ ನಿಲ್ದಾಣದಲ್ಲಿ ನಿಂತಿತ್ತು. ನನ್ನ ದಸ್ತಿಗಳು ಮನೆಯ ಟ್ರಂಕಿನಲ್ಲಿದ್ದವು. ಲಿಂಗಸುಗೂರಿಗೆ ಹೋಗುವ ಒಂದು ಕುಟುಂಬ ಬಂತು. ಮುಂದೆ ಇಳಕಲ್ ಸೀರೆಯುಟ್ಟ ಅಜ್ಜಿ, ಹಿಂದೆ ಮಗ, ಸೊಸೆ, ಕೈಯಲ್ಲಿ ಹಣ್ಣಿನ ಬುಟ್ಟಿ ಹಿಡಿದ ಒಬ್ಬ ಸೋದರಮಾವ. ಎಲ್ಲರ ನಡುವೆ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕೈ ಮಡಚಲೂ ಹೆದರುತ್ತಿದ್ದ ಮೊಮ್ಮಗ. ಕನ್ಯಾ ನೋಡಲು ಹೊರಟವರು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಅಜ್ಜಿ ಬಲಗಾಲನ್ನು ಮೆಟ್ಟಿಲ ಮೇಲಿಟ್ಟರು. ನಾನು ಸೀನಿದೆ. ಒಂದೇ ಒಂದು ಸಲ.

ಅಜ್ಜಿ ಕಾಲು ಹಿಂದಕ್ಕೆ ತೆಗೆದರು.

"ಒಂಟಿ ಸೀನು! ಯಾರೂ ಹತ್ತಬ್ಯಾಡ್ರಿ!"

"ಯವ್ವಾ, ಆಕಿ ನೆಗಡಿ ಬಂದು ಸೀನ್ಯಾಳ. ನಮಗೇನ್ ಸಂಬಂಧ?" ಎಂದ ಮಗ.

"ನಾ ಕಾಲಿಡೋದೂ, ಆಕಿ ಸೀನೋದೂ ಒಂದ ಆಗೇತಿ. ಹ್ಯಾಂಗ ಸಂಬಂಧಿಲ್ಲ ಅಂತಿ?"

"ಅವರು ಹನ್ನೊಂದರೊಳಗ ಬರ್ರಿ ಅಂದಾರ ಅತ್ತಿ, ಆಮ್ಯಾಗ ರಾಹುಕಾಲ" ಎಂದು ಸೊಸೆ ಮೆಲ್ಲಗೆ ಹೇಳಿದಳು.

ಒಂದು ಕಡೆ ರಾಹುಕಾಲ, ಇನ್ನೊಂದು ಕಡೆ ನಾನು. ಅಜ್ಜಿ ಯೋಚಿಸಿದರು. ಆಮೇಲೆ ನನ್ನ ಮುಖ ನೋಡಿ, ಬಹಳ ಮೆತ್ತಗಿನ ದನಿಯಲ್ಲಿ ಕೇಳಿದರು: "ಯವ್ವಾ, ಇನ್ನೊಂದು ಸೀನತಿಯೇನು? ಜೋಡಿ ಆದ್ರ ಶುಭ ಆಕ್ಕೈತಿ."

ಅಷ್ಟು ವರ್ಷ ಎಲ್ಲರೂ ನನಗೆ ಸೀನಬೇಡ ಎಂದವರೇ. ಸೀನು ಎಂದು ಕೈಮುಗಿದವರು ಅವರೊಬ್ಬರೇ. ನಾನು ಪ್ರಯತ್ನಪಟ್ಟೆ. ಕಣ್ಣು ಮುಚ್ಚಿದೆ, ಮೂಗು ಉಜ್ಜಿದೆ, ಬಾಯಿ ತೆರೆದೆ. ಬರಲಿಲ್ಲ. ಬೇಡವೆಂದಾಗ ಹತ್ತು ಸಲ ಬರುವ ಸೀನು, ಕರೆದಾಗ ಬರಲೊಲ್ಲದು.

ಆಗ ಇಡೀ ಬಸ್ಸು ನನ್ನ ನೆರವಿಗೆ ಇಳಿಯಿತು. ಒಬ್ಬರು ಸೂರ್ಯನ ಕಡೆ ನೋಡಿ ಎಂದರು. ಸಂತೆಗೆ ಹೊರಟಿದ್ದ ಒಬ್ಬಾಕೆ ಚೀಲದಿಂದ ಉಳ್ಳಾಗಡ್ಡಿ ತೆಗೆದು ಒಡೆದು ಕೊಟ್ಟಳು. ಕಣ್ಣಲ್ಲಿ ನೀರು ಬಂತು, ಸೀನು ಬರಲಿಲ್ಲ. ಕಿಟಕಿಯ ಪಕ್ಕದ ಹಿರಿಯರೊಬ್ಬರು ನಶ್ಯದ ಡಬ್ಬಿ ಮುಂದೆ ಚಾಚಿದರು. ಅದನ್ನು ನಾನು ಒಲ್ಲೆ ಎಂದೆ. "ಖಾರದಪುಡಿ?" ಎಂದು ಯಾರೋ ಕೇಳಿದ್ದಕ್ಕೆ ಅಜ್ಜಿಯೇ ಗದರಿದರು, "ಸುಮ್ನಿರೋ, ಆಕಿ ಜೀವ ತಗೀತಿಯೇನ್?"

ಡ್ರೈವರ್ ಭಾಯಿ ಅಷ್ಟು ಹೊತ್ತೂ ಬಾನೆಟ್ಟಿಗೆ ಒರಗಿ ನೋಡುತ್ತಿದ್ದರು. ಇಳಿದು ಹೋದರು. ನಿಲ್ದಾಣದ ಗೋಡೆಯ ಬುಡದಿಂದ ಬಿಳಿ ಹೂವಿನ ಕಸದ ಒಂದು ಟೊಂಗೆ ಮುರಿದು ತಂದು, ನನ್ನ ಮೂಗಿನ ಮುಂದೆ ಒಂದು ಸಲ ಝಾಡಿಸಿದರು.

ಎರಡು ಕ್ಷಣ ಏನೂ ಆಗಲಿಲ್ಲ. ಆಮೇಲೆ ಬಂತು.

"ಎರಡು!" ಎಂದರು ಅಜ್ಜಿ, ಖುಷಿಯಿಂದ. "ಸಾಕು ಯವ್ವಾ, ಸಾಕು."

ಸಾಕು ಅಂದರೆ ನಿಲ್ಲಬೇಕಲ್ಲ. ಮತ್ತೆ ಬಂತು. "ಮೂರು!" ಎಂದು ಬಸ್ಸಿನವರು ಕೂಗಿದರು. ಅಜ್ಜಿಯ ಮುಖ ಬಾಡಿತು. "ನಾಕು!" ಅರಳಿತು. "ಐದು!" ಮತ್ತೆ ಬಾಡಿತು. ಮೊಮ್ಮಗ ಅಂಗಿಯ ಮಡಿಕೆ ಮರೆತು, ಬಗ್ಗಿ ನಗುತ್ತಿದ್ದ. ಎಂಟಕ್ಕೆ ಬಂದಾಗ ಅಜ್ಜಿ ಮುಂದೆ ಬಂದು, ತಮ್ಮ ಎರಡು ಬೆರಳಿನಿಂದ ನನ್ನ ಮೂಗನ್ನು ಗಟ್ಟಿಯಾಗಿ ಹಿಡಿದೇಬಿಟ್ಟರು.

"ಎಂಟು ಆದ್ವು. ಹತ್ತರೀ ಲಗೂನ, ಹತ್ತರಿ!"

ಅವರೆಲ್ಲ ಹತ್ತಿ ಕೂರುವವರೆಗೂ ಅಜ್ಜಿ ನನ್ನ ಮೂಗು ಬಿಡಲಿಲ್ಲ. ಸೊಸೆ ಅವರ ಇನ್ನೊಂದು ಕೈ ಹಿಡಿದು ಹತ್ತಿಸಿದಳು. ಒಂಬತ್ತನೆಯದು ಬಸ್ಸು ಹೊರಟ ಮೇಲೆ ಬಂತು. ಅದನ್ನು ನಾನು ಹಿಂಬಾಗಿಲ ಕಡೆ ತಿರುಗಿ ಎಂಜಿನ್ ಸದ್ದಿನಲ್ಲಿ ಮುಗಿಸಿದೆ. ಇವತ್ತಿಗೂ ಅವರಿಗೆ ಗೊತ್ತಿಲ್ಲ.

ಮಧ್ಯಾಹ್ನದ ಟ್ರಿಪ್ಪಿನಲ್ಲಿ ಲಿಂಗಸುಗೂರಿನಿಂದ ಅವರೇ ವಾಪಸು ಬಂದರು. ಅಜ್ಜಿ ಪೇಡೆಯ ಡಬ್ಬಿ ತೆರೆದು ಮೊದಲು ನನಗೆ, ಆಮೇಲೆ ಡ್ರೈವರಿಗೆ ಕೊಟ್ಟರು. "ಕನ್ಯಾ ಒಪ್ಪಿಗಿ ಆತು. ಆಕಿ ಮೂಗೂ ಛಲೋ ಐತಿ, ಒಂದೂ ಸೀನಲಿಲ್ಲ" ಎಂದರು. ಬಸ್ಸಿನಲ್ಲಿದ್ದ ಬೇರೆಯವರಿಗೆ ಆ ಮಾತು ಏಕೆ ಬಂತೆಂದು ತಿಳಿಯಲಿಲ್ಲ. ನಾನು, ಭಾಯಿ ಇಬ್ಬರು ಮಾತ್ರ ಮಸ್ಕಿಯವರೆಗೂ ನಕ್ಕೆವು.

ಡಿಪೋಕ್ಕೆ ಬಂದ ಮೇಲೆ ನಾನು ಭಾಯಿಯನ್ನು ಕೇಳಿದೆ, "ನಿಮಗ ಹ್ಯಾಂಗ ಗೊತ್ತಾತು, ಆ ಕಸದಿಂದ ಬರ್ತೈತಿ ಅಂತ?"

"ಆರು ವರ್ಷದಿಂದ ಕನ್ನಡಿಯಾಗ ನೋಡಾಕತ್ತೀನಿ ತಂಗಿ. ಭತ್ತದ ಗದ್ದಿ ನಡುವ ಹೋಗಾಗ ನೀ ಅಷ್ಟೇನ್ ಸೀನಂಗಿಲ್ಲ. ರಸ್ತಾ ಬಾಜೂಕ ಬಿಳಿ ಹೂ ಇದ್ದಲ್ಲೆಲ್ಲಾ ಸೀನತಿ. ಕಸ ಒಣಗಿತಂದ್ರ ನೀನೂ ಸುಮ್ನಾಗ್ತಿ. ಈ ಸಲ ಕಸ ಒಣಗಿಲ್ಲ."

"ಮತ್ತ ಇಷ್ಟು ದಿನ ಯಾಕ ಹೇಳಲಿಲ್ಲ?"

"ನೀ ದೀಪಾವಳಿಗೆ ಬಿಡ್ತೈತಿ ಅಂತಿದ್ದಿ. ನಿಮ್ಮ ಹಬ್ಬದ ವಿಷಯದಾಗ ನಾ ಯಾಕ ಬಾಯಿ ಹಾಕ್ಲಿ ಅಂತ ಸುಮ್ನಿದ್ದೆ" ಎಂದು ಅವರೂ ನಕ್ಕರು.

ನಗು ಎರಡು ವಾರ ನಡೆಯಿತು. ಮೂರನೆಯ ವಾರ ಮೆಟ್ಟಿಲು ಹತ್ತಿ ಇಳಿದರೆ ಏದುಸಿರು ಬರತೊಡಗಿತು. ಒಂದು ಸಂಜೆ ಮಗಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಪಾಠ ಓದುತ್ತಿದ್ದವಳು, ಓದು ನಿಲ್ಲಿಸಿ ಎದೆಗೆ ಕಿವಿ ಹಚ್ಚಿದಳು. ಆಗ ಅವಳಿಗೆ ಒಂಬತ್ತು ವರ್ಷ. "ಅವ್ವ, ನಿನ್ನ ಎದಿಯಾಗ ಸೀಟಿ ಐತಿ" ಎಂದಳು. ಅವಳಿಗೆ ಅದು ಆಟ. ನಾನು ಉಸಿರು ಬಿಟ್ಟಾಗೆಲ್ಲ ಎಣಿಸಿದಳು. ನನಗೆ ಮಾತ್ರ ಹೆದರಿಕೆಯಾಯಿತು. ಅತ್ತೆಯೂ ಕಿವಿಯಿಟ್ಟು ಕೇಳಿದರು. ಒಳಗೆ ಹೋಗಿ, ಟ್ರಂಕಿನಿಂದ ಇಪ್ಪತ್ತೂ ದಸ್ತಿಗಳನ್ನು ತಂದು ನನ್ನ ಮುಂದಿಟ್ಟರು. ದೀಪಾವಳಿಯ ಮೇಲೆ ತಾವಿಟ್ಟಿದ್ದ ಭರವಸೆ ಸುಳ್ಳಾದದ್ದಕ್ಕೆ ಅವರಿಗೆ ನೋವಾಗಿತ್ತು.

"ದೀಪಾವಳಿ ಏನ್ ಮಾಡ್ತೈತಿ ಬಿಡು" ಎಂದರು ಆಮೇಲೆ. "ಮಳೀನ ಹೊತ್ತು ಮರ್ತೈತಿ. ನಾಳೆ ಡಾಕ್ಟರ್ ಕಡೆ ಹೋಗು."

ಲಿಂಗಸುಗೂರಿನ ಡಾಕ್ಟರ್ ಮುದಗಲ್ಲಿನ ಹೆಣ್ಣುಮಗಳು, ನನಗಿಂತ ಚಿಕ್ಕವರು. ನನ್ನ ಖಾಕಿ ನೋಡಿ ಮೊದಲು ಕೇಳಿದ್ದು, "ಯಾವ ರೂಟ್ ಅಕ್ಕಾರ?" ನಾನು ಹೇಳಿದೆ. ಎದೆ, ಮೂಗು, ಗಂಟಲು ನೋಡಿ, ಉಸಿರಿನ ಬಲ ಅಳೆಯುವ ಒಂದು ಕೊಳವೆಗೆ ಜೋರಾಗಿ ಊದಿಸಿದರು. ಎಂಟು ವರ್ಷ ಸೀಟಿ ಊದಿದ ನನಗೆ ಅದರ ಮುಳ್ಳನ್ನು ಅರ್ಧಕ್ಕೂ ತರಲಾಗಲಿಲ್ಲ. ಆಗ ನಾಚಿಕೆಯಾಯಿತು.

ನಾನು ಅಜ್ಜಿಯ ಕಥೆ ಹೇಳಿದೆ. ಅವರು ಕುರ್ಚಿಗೆ ಒರಗಿ ನಕ್ಕು, "ನಮ್ಮ ಪರೀಕ್ಷಾಕ್ಕಿಂತ ನಿಮ್ಮ ಡ್ರೈವರ್ ಮೊದಲ ಪತ್ತೆ ಹಚ್ಯಾರ. ಆದ್ರ ಹಂಗ ಮತ್ತ ಎಂದೂ ಮಾಡಬ್ಯಾಡ್ರಿ, ಉಸಿರು ಕಟ್ಟಿದ್ರ ಏನ್ ಮಾಡ್ತಿದ್ರಿ?" ಎಂದು ಗದರಿಸಿದರು. ಆಮೇಲೆ ನಿಧಾನವಾಗಿ ತಿಳಿಸಿ ಹೇಳಿದರು. ಹೂವಿನ ಪುಡಿ, ಅಂದರೆ ಪರಾಗ, ಗಾಳಿಯಲ್ಲಿ ಹಾರಿ ಮೂಗಿಗೆ ಬರುತ್ತದೆ. ಎಲ್ಲರಿಗೂ ಬರುತ್ತದೆ, ಕೆಲವರ ಮೈ ಮಾತ್ರ ಅದನ್ನು ವೈರಿ ಎಂದು ತಿಳಿದು ಜಗಳಕ್ಕೆ ನಿಲ್ಲುತ್ತದೆ. ಮೂಗಿನಲ್ಲಿ ಶುರುವಾದ ಜಗಳ ಎದೆಗೂ ಇಳಿಯುತ್ತದೆ.

"ಮೊದಲ ನಿಮ್ಮಂಥವರು ಮಳಿಗಾಲದಾಗ ಬಂದು, ಚಳಿ ಬಿದ್ದ ಮ್ಯಾಲ ನನ್ನ ಮರ್ತು ಬಿಡ್ತಿದ್ರು" ಎಂದರು. "ಈಗ ಹೊತ್ತಲ್ಲದ ಹೊತ್ತಿನಾಗ ಮಳಿ ಬೀಳತೈತಿ, ಚಳಿ ಸಣ್ಣದಾಗೇತಿ. ಕಸ ಎರಡೆರಡು ಸಲ ಹೂ ಬಿಡತೈತಿ. ಬಿಸಿಲು ಲಗೂ ಏರಿದ್ರ ಗಿಡಮರಾನೂ ಲಗೂ ಹೂ ಬಿಡತಾವು. ನಿಮ್ಮ ಮೂಗಿಗೆ ಮೊದಲಿನಂಗ ರಜಾ ಸಿಗಂಗಿಲ್ಲ. ನೀವ ತಯಾರಿರಬೇಕು."

ಮೂಗಿಗೆ ಹೊಡೆದುಕೊಳ್ಳುವ ಒಂದು ಸ್ಪ್ರೇ, ಎದೆಗೆ ಎಳೆದುಕೊಳ್ಳುವ ಒಂದು ಪಂಪು ಬರೆದುಕೊಟ್ಟರು. ಬಸ್ಸಿನಲ್ಲಿ ಮಾಸ್ಕು ಹಾಕಬೇಕು. ಟ್ರಿಪ್ಪು ಮುಗಿದ ಕೂಡಲೆ ಮುಖ ತೊಳೆಯಬೇಕು. ಖಾಕಿ ಬಟ್ಟೆಯಲ್ಲಿ ಹಾಸಿಗೆಯ ಮೇಲೆ ಕೂರಬಾರದು. ಕಸ ಹೂವಾಗಿದ್ದಾಗ ಬಟ್ಟೆಯನ್ನು ಬಯಲಲ್ಲಿ ಒಣಹಾಕಬಾರದು. ಪಂಪು ಕಂಡರೆ ನನಗೆ ಮೊದಲು ಅಂಜಿಕೆ. ಅದನ್ನು ಹಿಡಿದರೆ ಕಾಯಿಲೆಯವಳು ಎಂದು ಜನ ತಿಳಿದಾರು ಎನಿಸಿತ್ತು. ಡಾಕ್ಟರ್ ಅದಕ್ಕೂ ಉತ್ತರ ಇಟ್ಟಿದ್ದರು: "ನಿಮ್ಮ ಬಸ್ಸಿಗೆ ಗಾಳಿ ಹೊಡಸಂಗಿಲ್ಲೇನು? ಹಂಗ ತಿಳೀರಿ."

ಎಂಟು ದಿನದಲ್ಲಿ ಎದೆಯ ಸೀಟಿ ನಿಂತಿತು. ಮಗಳು ಕಿವಿಯಿಟ್ಟು ಕೇಳಿ, ಆಟ ಮುಗಿಯಿತೆಂದು ಸ್ವಲ್ಪ ಬೇಸರ ಮಾಡಿಕೊಂಡಳು.

ಆ ಮೇಲಿನಿಂದ ನಾನು ದಾರಿಯನ್ನು ನೋಡುವ ರೀತಿಯೇ ಬೇರೆಯಾಯಿತು. ಮೊದಲು ನಿಲ್ದಾಣಗಳಷ್ಟೇ ಕಾಣುತ್ತಿದ್ದವು. ಈಗ ಕಾಲುವೆ ನೀರಿನ ಕಡೆ ಭತ್ತ ತೆನೆ ಬಿಡುವುದು, ಮಸ್ಕಿ ದಾಟಿದ ಮೇಲಿನ ಒಣಭೂಮಿಯಲ್ಲಿ ಬಳ್ಳಾರಿ ಜಾಲಿ ಹಳದಿ ಹೂವಾಗುವುದು, ಲಿಂಗಸುಗೂರಿನ ಹತ್ತಿರ ಬೇವು ಚಿಗುರುವುದು ಎಲ್ಲವೂ ಕಾಣುತ್ತವೆ. ಬೇವಿನ ಹೂ ಯುಗಾದಿಗೆ ಬರುತ್ತದೆ ಎಂದು ಚಿಕ್ಕಂದಿನಿಂದ ಕಂಡವಳು ನಾನು. ಹಿಂದಿನ ವರ್ಷ ಶಿವರಾತ್ರಿಗೇ ನಮ್ಮ ಓಣಿಯ ಮರ ಹೂ ಬಿಟ್ಟಿತು. ಯುಗಾದಿಯ ದಿನ ಅತ್ತೆ ಬೇವು ತರಲು ಹೋದರೆ ಹೂ ಉದುರಿ ಕಾಯಿ ಕಟ್ಟಿತ್ತು. ಅವರು ಎಲೆಯನ್ನೇ ಅರೆದು ಬೆಲ್ಲಕ್ಕೆ ಹಾಕಿದರು. ಅಷ್ಟು ಕಹಿ ಬೇವುಬೆಲ್ಲವನ್ನು ನಮ್ಮ ಮನೆ ಹಿಂದೆಂದೂ ಕಂಡಿರಲಿಲ್ಲ. ತಿಂದವರ ಮುಖ ನೋಡಿ ನಗುವುದರಲ್ಲೇ ಹಬ್ಬ ಕಳೆಯಿತು.

ಬಸ್ಸಿನ ಕಾಯಂ ಜನಕ್ಕೆ ನನ್ನ ವಿಷಯ ತಿಳಿಯದೆ ಇರುತ್ತದೆಯೇ? ಮಸ್ಕಿಯ ಆಚೆಗಿನ ಒಂದು ಊರ ಕ್ರಾಸಿನಲ್ಲಿ, ಸಿಂಧನೂರಿನ ಕಡೆ ಭತ್ತದ ಗದ್ದೆಗೆ ಕೂಲಿಗೆ ಹೋಗುವ ಹದಿನಾರು ಹೆಣ್ಣುಮಕ್ಕಳು ಬೆಳಿಗ್ಗೆ ನಾವು ಲಿಂಗಸುಗೂರಿನಿಂದ ಮರಳುವಾಗ ಹತ್ತುತ್ತಾರೆ. ಆ ಕ್ರಾಸಿನ ತಂಗುದಾಣದ ಸುತ್ತ ಕಸ ಎದೆಯ ಮಟ್ಟಕ್ಕೆ ಬೆಳೆಯುತ್ತಿತ್ತು. ಎರಡು ವರ್ಷದ ಹಿಂದೆ ಮುಂಗಾರು ಬಿದ್ದ ಕೆಲವೇ ದಿನಕ್ಕೆ, ಒಂದು ಬೆಳಿಗ್ಗೆ ನಮ್ಮ ಬಸ್ಸು ಅಲ್ಲಿಗೆ ಬಂದಾಗ ತಂಗುದಾಣದ ಸುತ್ತ ಬರೀ ನೆಲ ಕಂಡಿತು. ಹೆಣ್ಣುಮಕ್ಕಳು ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಮೂಗಿಗೆ ಸೆರಗು ಬಿಗಿದು ನಿಂತಿದ್ದರು. ಕಿತ್ತ ಕಸ ಒಂದು ಗುಂಡಿಯಲ್ಲಿ ಬಿದ್ದಿತ್ತು.

"ಏನ್ರೇ ಇದು?" ಎಂದೆ.

ಅವರ ಮುಂದಾಳು, ಗಟ್ಟಿ ದನಿಯ ಒಬ್ಬಾಕೆ, ಚೀಲ ಬಿಚ್ಚುತ್ತ ಹೇಳಿದಳು: "ದಿನಾ ಮಂದಿ ಹೊಲದಾಗ ಕಳಿ ತಗೀತೀವಿ ಅಕ್ಕಾ. ನಾವು ಬಸ್ಸಿಗೆ ನಿಲ್ಲೋ ಜಾಗದಾಗ ತಗದ್ರ ಕೈ ಸವಿತಾವೇನು? ಹೂ ಬಿಡೋಕಿಂತ ಮೊದಲ ಕಿತ್ತೀವಿ. ನನಗೂ ಇದರಿಂದ ಕೈ ತುರಸ್ತಿತ್ತು. ಮೇಲಾಗಿ ನೀ ಇಲ್ಲಿ ಬಂದು ಸೀನಿ ಸೀನಿ ಟಿಕೆಟ್ ಹರದು ಕೊಡೋತನಕ ನಮ್ಮ ಕೆಲಸಕ್ಕ ತಡ ಆಕ್ಕೈತಿ."

ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತವಾದರೂ ಹರಿದು ಕೊಡಲೇಬೇಕು, ಅದು ನಿಜ. ಭಾಯಿ ಕಿಟಕಿಯಿಂದ ತಲೆ ಹೊರಹಾಕಿ, "ಶಾಬಾಸ್!" ಎಂದರು. ಮರುದಿನ ನಾನು ಅವರಿಗೆ ಡಿಪೋದ ಉಗ್ರಾಣದವರನ್ನು ಕೇಳಿ ಹತ್ತು ಜೊತೆ ರಬ್ಬರ್ ಕೈಗವಸು ತಂದುಕೊಟ್ಟೆ.

ಆ ಸಲ ಮುಂಗಾರಿನ ನಡುವೆ ಒಂದು ತಿಂಗಳು ಮಳೆ ಇಲ್ಲದೆ, ಮತ್ತೆ ಒಮ್ಮೆಲೆ ಬಂತು. ಕಸ ಮತ್ತೆ ಹುಟ್ಟಿತು. "ನೋಡವ್ವ, ನಾಚಿಕಿಲ್ಲದ್ದು ತಿರುಗಿ ಬಂತು" ಎಂದು ಬಯ್ಯುತ್ತ ಮತ್ತೆ ಕಿತ್ತರು. ಹೋದ ವರ್ಷ ಮೂರು ಸಲ ಕೀಳಬೇಕಾಯಿತು. ರಸ್ತೆಯುದ್ದಕ್ಕೂ ಇರುವ ಕಸವನ್ನು ಹದಿನಾರು ಜನರಿಂದ ಕೀಳಲಾಗುವುದಿಲ್ಲ, ಅದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೆ ಆ ಒಂದು ಕ್ರಾಸಿನಲ್ಲಿ ನಾನು ಮಾಸ್ಕು ಕೆಳಗಿಳಿಸಿ ಅವರ ಜೊತೆ ಎರಡು ಮಾತಾಡುತ್ತೇನೆ. ಅದನ್ನು ನೋಡಿ ಇನ್ನೊಂದು ಊರಿನವರೂ ತಮ್ಮ ನಿಲ್ದಾಣದಲ್ಲಿ ಶುರುಮಾಡಿದ್ದಾರೆ.

ಈ ಸಂಕ್ರಾಂತಿಯ ಮರುವಾರ ಸಿಂಧನೂರಿನಲ್ಲಿ ಒಬ್ಬಳು ಕಾಲೇಜು ಹುಡುಗಿ ಹತ್ತಿದಳು. ಲಿಂಗಸುಗೂರಿನಲ್ಲಿ ಅವಳಿಗೆ ಪರೀಕ್ಷೆ. ಕಣ್ಣು ಕೆಂಪಗಿದ್ದವು. ಪುಸ್ತಕ ತೆರೆದಾಗೆಲ್ಲ ಸೀನುತ್ತಿದ್ದಳು, ಪ್ರತಿ ಸೀನಿಗೂ ಪಕ್ಕದವರಿಗೆ ಕ್ಷಮೆ ಕೇಳುತ್ತಿದ್ದಳು. ಪಕ್ಕದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು. ಹುಡುಗಿಯ ಮುಖ ಸಣ್ಣದಾಯಿತು.

ಟಿಕೆಟ್ ಕೊಡುವುದು ಮುಗಿಸಿ ನಾನು ಆ ಖಾಲಿ ಜಾಗದಲ್ಲಿ ಕೂತೆ. "ಎಷ್ಟು ದಿನ ಆತವ್ವ?" ಎಂದೆ.

"ನೆಗಡಿ ಅಕ್ಕಾರ. ಎರಡು ತಿಂಗಳಾತು, ಹೋಗವಲ್ದು."

"ಎರಡು ತಿಂಗಳ ನೆಗಡಿ ಎಲ್ಲೈತಿ? ಎದಿಯಾಗ ಸೀಟಿ ಬರತೈತೇನು?"

ಅವಳು ಬೆರಗಾಗಿ ನನ್ನ ಕಡೆ ನೋಡಿದಳು. "ಮುಂಜಾನೆ ಎದ್ದಾಗ ಬರತೈತಿ. ನಿಮಗ ಹ್ಯಾಂಗ ಗೊತ್ತಾತು?"

ನಾನು ಚೀಲದಿಂದ ನನ್ನ ಪಂಪು ತೆಗೆದು ತೋರಿಸಿದೆ. ಅವಳು ಸೀನಿದಳು. ಅವಳ ಜೊತೆಗೆ, ಯಾಕೋ, ನಾನೂ ಸೀನಿದೆ. ಮುಂದಿನ ಸೀಟಿನವರು ಹಿಂತಿರುಗಿ ನೋಡಿದರು. ಇಬ್ಬರೂ ನಕ್ಕೆವು. ಅವಳಿಗೆ ಒಂದು ಮಡಚಿದ ದಸ್ತಿ ಕೊಟ್ಟು, ಕಿಟಕಿಯ ಗಾಜು ಎಳೆದು, ಡಾಕ್ಟರ್ ಕೂಡುವ ಜಾಗವನ್ನು ಅವಳ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಟ್ಟೆ. ಪರೀಕ್ಷೆ ಎರಡು ಗಂಟೆಗೆ ಮುಗಿಯುತ್ತದೆ, ಡಾಕ್ಟರ್ ನಾಲ್ಕರವರೆಗೆ ಇರುತ್ತಾರೆ ಎಂದೆ. ಅವಳು ತಲೆಯಾಡಿಸಿ, ಮೂಗಿಗೆ ದಸ್ತಿ ಹಿಡಿದುಕೊಂಡೇ ಓದಲು ಶುರುಮಾಡಿದಳು.